ಮಂಗಳೂರಿನ ಮಳೆಯಲ್ಲಿ ಲೆದರ್ ಗಾಲ್ಫ್ ಶೂ: ಕೆಂಪು ಮಣ್ಣು, ಬೂಷ್ಟು, ಉದುರುವ ಸೋಲ್

ಪ್ರಶ್ನೆ, ಬಿಜೈಯಿಂದ:
ನಮಸ್ಕಾರ. ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಪಿಲಿಕುಳದಲ್ಲಿ ಗಾಲ್ಫ್ ಆಡಲು ಶುರು ಮಾಡಿದ್ದೇನೆ. ಮಗಳು ಬಿಳಿ ಲೆದರ್ ಶೂ ತಂದುಕೊಟ್ಟಿದ್ದಾಳೆ. ಬೆಲೆ ಕೇಳಿದರೆ ಹೇಳುವುದಿಲ್ಲ, ಅಂದರೆ ಜಾಸ್ತಿಯೇ ಇರಬೇಕು. ಬೆಳಿಗ್ಗೆ ಹುಲ್ಲು ಒದ್ದೆ ಇರುತ್ತದೆ, ಬದಿಯಲ್ಲಿ ಕಾಲಿಟ್ಟರೆ ಕೆಂಪು ಮಣ್ಣು. ಹೊಲಿಗೆಯ ಗೆರೆಯಲ್ಲೆಲ್ಲ ಕೆಂಪು ಕೂತುಬಿಟ್ಟಿದೆ. ಒಳಗೆ ಸಣ್ಣಗೆ ಬೂಷ್ಟಿನ ವಾಸನೆ ಬೇರೆ. ಮನೆಯಲ್ಲಿ ತೆಂಗಿನೆಣ್ಣೆ ಹಚ್ಚಿ ಬಿಸಿಲಿಗಿಡಿ ಅನ್ನುತ್ತಾರೆ. ಹಚ್ಚುವ ಮೊದಲು ಇಲ್ಲಿ ಶೂ ಕೆಲಸ ಗೊತ್ತಿರುವವರನ್ನು ಕೇಳೋಣ ಅಂತ.

ಉತ್ತರ, ಶೂ ರಿಪೇರಿ ಮಾಡುವವರಿಂದ:
ಕೇಳಿದ್ದು ಒಳ್ಳೆಯದಾಯಿತು ಸರ್. ಎಣ್ಣೆ ಬೇಡ, ಬಿಸಿಲೂ ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಅದು ನಿಜವಾಗಿ ಲೆದರ್ ಹೌದಾ ನೋಡಿ. ಶೂವಿನ ನಾಲಿಗೆಯ (ಲೇಸಿನ ಕೆಳಗಿನ ಪಟ್ಟಿಯ) ಒಳಬದಿಯಲ್ಲೋ ಡಬ್ಬದ ಮೇಲೋ ಸಣ್ಣ ಚಿತ್ರಗಳು ಇರುತ್ತವೆ. ಯುರೋಪಿನಲ್ಲಿ ಮಾರುವ ಶೂಗಳಿಗೆ 1994ರ ನಿಯಮದಿಂದ ಬಂದ ಗುರುತು ಅದು, ಇಲ್ಲಿ ಸಿಗುವ ಎಷ್ಟೋ ಕಂಪನಿ ಶೂಗಳಲ್ಲೂ ಉಂಟು. ಹರಡಿಟ್ಟ ತೊಗಲಿನ ಆಕಾರ ಇದ್ದರೆ ಚರ್ಮ. ಆ ತೊಗಲಿನ ನಡುವೆ ವಜ್ರದಂಥ ಚೌಕ ಇದ್ದರೆ ಚರ್ಮದ ಮೇಲೆ ಕೋಟಿಂಗ್ ಕೊಟ್ಟದ್ದು. ಬರೀ ವಜ್ರ ಇದ್ದರೆ ಚರ್ಮವೂ ಅಲ್ಲ, ಬಟ್ಟೆಯೂ ಅಲ್ಲ, ರೆಕ್ಸಿನ್ ಥರದ್ದು. ಈಗ ಗಾಲ್ಫ್ ಶೂಗಳಲ್ಲಿ ಅದೇ ಜಾಸ್ತಿ. ಅದಕ್ಕೆ ಸೋಪು ನೀರಿನ ಬಟ್ಟೆ ಸಾಕು, ಕ್ರೀಮಿಗೆ ದುಡ್ಡು ಹಾಕುವುದು ದಂಡ.

ಲೆದರ್ ಅಂತಾದರೆ ಕೆಲಸ ಶುರುವಾಗುವುದು ಮನೆಯಲ್ಲಲ್ಲ, ಆಟ ಮುಗಿದಲ್ಲೇ. ನಮ್ಮ ಮುರಕಲ್ಲು ಮಣ್ಣಿನಲ್ಲಿ ಕಬ್ಬಿಣದ ಅಂಶ ತುಂಬಾ, ಕೆಂಪು ಬಣ್ಣ ಬರುವುದೇ ಅದರಿಂದ, ಮತ್ತೆ ಅದರ ಪುಡಿ ಎಷ್ಟು ಸಣ್ಣ ಅಂದರೆ ಒಂದು ರಾತ್ರಿ ಬಿಟ್ಟರೆ ಹೊಲಿಗೆಯ ದಾರದೊಳಗೆ ಹೋಗಿ ಕೂರುತ್ತದೆ. ಹಾಗಾಗಿ ಗಟ್ಟೆ ಗಟ್ಟೆ ಮಣ್ಣನ್ನು ಅಲ್ಲೇ ಕಡ್ಡಿಯಲ್ಲಿ ಕೆರೆದು ತೆಗೆಯಿರಿ, ಹಿಂಡಿದ ಬಟ್ಟೆಯಲ್ಲಿ ಮೇಲ್ಭಾಗ ಒರೆಸಿ. ನಳ್ಳಿಯ ಕೆಳಗೆ ಹಿಡಿಯಬೇಡಿ ದಯವಿಟ್ಟು. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಾರಿನ ಡಿಕ್ಕಿಗೆ ಹಾಕಿ ಮರುದಿನ ನೆನಪು ಮಾಡಿಕೊಳ್ಳುವವರು ಇದ್ದಾರೆ. ಒದ್ದೆ, ಸೆಕೆ, ಗಾಳಿ ಇಲ್ಲ. ಬೂಷ್ಟಿಗೆ ಇನ್ನೇನು ಬೇಕು?

ಮನೆಗೆ ಬಂದ ಮೇಲೆ ಲೇಸ್ ಬಿಚ್ಚಿ, ಇನ್‌ಸೋಲ್ ಎಳೆಯಲು ಬಂದರೆ ಎಳೆದು ಬೇರೆ ಇಡಿ. ಒಳಗೆ ಕಾಗದ ತುರುಕಿ. ಹಳೆ ಪೇಪರ್ ಆಗುತ್ತದೆ, ಆದರೆ ಬಿಳಿ ಶೂಗೆ ಶಾಯಿ ಹತ್ತುವ ಸಾಧ್ಯತೆ ಉಂಟು, ಅಚ್ಚಿಲ್ಲದ ಕಾಗದವೋ ಹಳೆ ಬನಿಯನ್ನೋ ಒಳ್ಳೆಯದು. ಎರಡು ಗಂಟೆಗೊಮ್ಮೆ ಒದ್ದೆ ಕಾಗದ ತೆಗೆದು ಹೊಸತು ಹಾಕಿ. ಫ್ಯಾನಿನ ಕೆಳಗೆ ಇಡಿ. ಪೂರ್ತಿ ಒಣಗಲು ಒಂದರಿಂದ ಎರಡು ದಿನ ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ದಿನಾ ಆಡುವವರು ಎರಡು ಜೊತೆ ಇಟ್ಟುಕೊಳ್ಳುವುದು ಶೋಕಿಗಲ್ಲ, ಇದಕ್ಕೇ.

ಬಿಸಿಲು ಯಾಕೆ ಬೇಡ ಅಂದರೆ, ಚರ್ಮ ಮೆತ್ತಗಿರುವುದು ಅದರೊಳಗಿನ ಕೊಬ್ಬು ಮತ್ತು ಸ್ವಲ್ಪ ತೇವದಿಂದ. ನೆನೆದ ಚರ್ಮ ಬಿಸಿಗೆ ಬೇಗ ಒಣಗಿದರೆ ಕುಗ್ಗಿ ಬಿರುಸಾಗುತ್ತದೆ, ಬೆರಳು ಮಡಚುವಲ್ಲಿ ಸೀಳುತ್ತದೆ. ಅಂಟೂ ಸಡಿಲ ಆಗುತ್ತದೆ. ಹೇರ್ ಡ್ರೈಯರ್, ಬಚ್ಚಲೊಲೆಯ ಬದಿ, ಅನ್ನದ ಒಲೆಯ ಮೇಲಿನ ಅಟ್ಟ, ಎಲ್ಲ ಒಂದೇ.

ಹೊಲಿಗೆಯ ಕೆಂಪಿಗೆ: ಶೂ ಪೂರ್ತಿ ಒಣಗಿದ ಮೇಲೆ ಮೆತ್ತಗಿನ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಣಗಿದ್ದನ್ನೇ ಉಜ್ಜಿ. ಅರ್ಧಕ್ಕರ್ಧ ಹಾಗೇ ಬರುತ್ತದೆ. ಉಳಿದದ್ದಕ್ಕೆ ಸ್ಯಾಡಲ್ ಸೋಪ್, ಅಂದರೆ ಚರ್ಮಕ್ಕೆಂದೇ ಇರುವ ಸೋಪು. ಸೋಪಲ್ಲ, ಅದರ ನೊರೆ ಮಾತ್ರ ಹಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಟೂತ್‌ಪೇಸ್ಟ್ ಹಾಕಬೇಡಿ. ಬಿಳಿ ಶೂ ಅಂದರೆ ಹೆಚ್ಚಾಗಿ ಚರ್ಮದ ಮೇಲೆ ಬಿಳಿ ಬಣ್ಣದ ಪದರ, ಪೇಸ್ಟ್ ಅದನ್ನೇ ಕೆರೆಯುತ್ತದೆ. ಹಿತ್ತಾಳೆ ಚೊಂಬಿನ ಥರ ಹುಣಸೆಹುಳಿ ಹಾಕುವವರನ್ನೂ ನೋಡಿದ್ದೇನೆ. ಹೊಳಪು ಬರುತ್ತದೆ ಅಂತ ಯಾರು ಹೇಳಿದರೋ!

ಪ್ರಶ್ನೆ, ಅದೇ ಬಿಜೈಯವರು:
ಎಣ್ಣೆ ಯಾಕೆ ಬೇಡ ಅಂತ ಹೇಳಲಿಲ್ಲ. ಅಪ್ಪ ಚಪ್ಪಲಿಗೆ ಹಚ್ಚುತ್ತಿದ್ದರು, ಏನೂ ಆಗುತ್ತಿರಲಿಲ್ಲ.

ಉತ್ತರ:
ಅಪ್ಪನ ಚಪ್ಪಲಿ ದಪ್ಪ ಚರ್ಮ, ನಾಲ್ಕು ಬದಿ ಗಾಳಿ, ದಿನಾ ಮೆಟ್ಟುವುದು. ನಿಮ್ಮದು ತೆಳು ಚರ್ಮ, ಕೋಟಿಂಗ್ ಬೇರೆ. ಎಣ್ಣೆ ಮೇಲೆ ಹಳದಿ ಕಲೆಯಾಗಿ ನಿಲ್ಲುತ್ತದೆ, ಇಲ್ಲವೇ ಹೊಲಿಗೆಯ ತೂತಿನಿಂದ ಒಳಗಿಳಿದು ಕಮಟು ವಾಸನೆ ಬರುತ್ತದೆ. ಮುಖ್ಯ ವಿಷಯ ಬೇರೆ. ಬೂಷ್ಟು ತಿನ್ನುವುದೇ ಕೊಬ್ಬು, ಬೆವರು, ಕೊಳೆ. ಈ ಊರಲ್ಲಿ ಎಣ್ಣೆ ಹಚ್ಚಿ ಮುಚ್ಚಿಡುವುದೆಂದರೆ ಅದಕ್ಕೆ ಊಟ ಬಡಿಸಿದ ಹಾಗೆ. ಲೆದರ್ ಕ್ರೀಮನ್ನೂ ಅಷ್ಟೇ, ಕಡಲೆಕಾಳಿನಷ್ಟು ತೆಗೆದುಕೊಂಡು ಇಡೀ ಶೂಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಿ. ತಿಂಗಳಿಗೊಮ್ಮೆ ಸಾಕು. ಒದ್ದೆ ಶೂಗೆ ಮಾತ್ರ ಯಾವತ್ತೂ ಹಚ್ಚಬೇಡಿ, ತೇವ ಒಳಗೇ ಉಳಿಯುತ್ತದೆ.

ಈಗಾಗಲೇ ಬಂದಿರುವ ಬೂಷ್ಟಿಗೆ: ಜಗಲಿಗೋ ಅಂಗಳಕ್ಕೋ ತನ್ನಿ, ಕೋಣೆಯೊಳಗೆ ಕೊಡವಿದರೆ ಅದರ ಪುಡಿ ಕಪಾಟಿಗೆಲ್ಲ ಹಾರುತ್ತದೆ. ಮೂಗಿಗೆ ಬಟ್ಟೆ ಕಟ್ಟಿ ಒಣ ಬ್ರಷ್ಷಿನಲ್ಲಿ ತೆಗೆಯಿರಿ. ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಮೊದಲು ನಾಲಿಗೆಯ ಒಳಗಡೆ ಒಂದು ಚುಕ್ಕೆ ಹಚ್ಚಿ, ಬಣ್ಣ ಹೋಗುವುದಿಲ್ಲ ಅಂತ ನೋಡಿಕೊಂಡು. ಒಣಗಿದ ಮೇಲೆ ವಿನೆಗರ್ ವಾಸನೆ ತಾನಾಗಿ ಹೋಗುತ್ತದೆ.

ಪ್ರಶ್ನೆ, ಮಣಿಪಾಲದಿಂದ ಒಬ್ಬರು:
ಅಣ್ಣ, ನನ್ನದು ಬೇರೆ ಕಥೆ. ಶೂ ಎರಡು ವರ್ಷ ಡಬ್ಬದಲ್ಲಿ ಇತ್ತು, ಹಾಕಿದ್ದೇ ಕಮ್ಮಿ. ಮೇಲೆ ಹೊಸತರ ಹಾಗೆ ಹೊಳೆಯುತ್ತದೆ. ಮೊನ್ನೆ ಹಾಕಿ ನಡೆದರೆ ಸೋಲ್ ಹಳೆ ಬಿಸ್ಕೆಟ್ ಥರ ಉದುರಿತು! ಡೂಪ್ಲಿಕೇಟ್ ಮಾಲಾ?

ಉತ್ತರ:
ಡೂಪ್ಲಿಕೇಟ್ ಆಗಿರಬೇಕಂತಿಲ್ಲ ಮಾರಾಯ್ರೆ. ಇದೇ ದೂರು ವಾರವಾರ ಬರುತ್ತದೆ, ಗಾಲ್ಫ್ ಶೂ ಮಾತ್ರ ಅಲ್ಲ, ಟ್ರೆಕ್ಕಿಂಗ್ ಶೂ, ಮದುವೆಗೆ ತೆಗೆದಿಟ್ಟ ಶೂ ಎಲ್ಲದರಲ್ಲೂ. ಆ ಸೋಲ್ ಪಾಲಿಯುರಿಥೇನ್, ನಾವು ಪಿಯು ಅನ್ನುತ್ತೇವೆ. ಮೆತ್ತಗೆ, ಹಗುರ, ಬಾಳಿಕೆಯೂ ಉಂಟು. ಆದರೆ ಗಾಳಿಯಲ್ಲಿರುವ ನೀರಿನ ಆವಿ ನಿಧಾನಕ್ಕೆ ಒಳಗೆ ಹೋಗಿ ಅದರ ಕೊಂಡಿಗಳನ್ನು ಕಡಿಯುತ್ತದೆ. ಮೊದಲು ಅಂಟಂಟಾಗುತ್ತದೆ, ಆಮೇಲೆ ಪುಡಿ. ಹಾಕಿ ನಡೆಯುತ್ತಿದ್ದರೆ ಸೋಲ್ ಒತ್ತಿ ಬಿಟ್ಟು ಆಗಿ ಒಳಗಿನ ತೇವ ಸ್ವಲ್ಪ ಹೊರಗೆ ಹೋಗುತ್ತದೆ. ಜೋಪಾನವಾಗಿ ಡಬ್ಬದಲ್ಲಿ ಇಟ್ಟದ್ದೇ ಬೇಗ ಹೋಗುವುದು. ಗಾಳಿಯಲ್ಲಿ ತೇವ ಕಮ್ಮಿ ಇರುವ ಬೆಂಗಳೂರಿನಲ್ಲಿ ಅದೇ ಶೂ ಇನ್ನೂ ಸ್ವಲ್ಪ ಕಾಲ ಬರುತ್ತಿತ್ತು.

ಪುಡಿಯಾದ ಪಿಯುವಿಗೆ ಅಂಟು ನಿಲ್ಲುವುದಿಲ್ಲ. ಯಾರಾದರೂ ಅಂಟಿಸಿ ಕೊಡುತ್ತೇನೆ ಅಂದರೆ ದುಡ್ಡು ಕೊಡಬೇಡಿ. ಮೇಲಿನ ಚರ್ಮ ಚೆನ್ನಾಗಿದ್ದರೆ ಪೂರ್ತಿ ಸೋಲ್ ಬದಲಾಯಿಸಬಹುದು, ಆದರೆ ಗಾಲ್ಫ್ ಸೋಲ್ ಬಿಡಿಯಾಗಿ ಸಿಗುವುದು ಕಷ್ಟ. ಸಾದಾ ರಬ್ಬರ್ ಸೋಲ್ ಹಾಕಿಸಿ ವಾಕಿಂಗ್‌ಗೆ ಇಟ್ಟುಕೊಳ್ಳಿ. ಮುಂದೆ ತೆಗೆದುಕೊಳ್ಳುವಾಗ ನಡುವಿನ ಪದರ ಇವಿಎ (ಅದು ಬೇರೆ ಥರದ ಫೋಮ್) ಇದ್ದದ್ದು ಕೇಳಿ, ಅದಕ್ಕೆ ಈ ಕಾಯಿಲೆ ಇಲ್ಲ.

ಪ್ರಶ್ನೆ, ವಾಮಂಜೂರಿನಿಂದ, ಕ್ಯಾಡಿ ಕೆಲಸ (ಆಟಗಾರರ ಗಾಲ್ಫ್ ಚೀಲ ಹೊರುವುದು) ಮಾಡುವವರು:
ಶೂ ಜಾರದ ಹಾಗೆ ಅಡಿಯಲ್ಲಿ ತಿರುಗಿಸಿ ಕೂರಿಸುವ ಸ್ಪೈಕ್ ತಿರುಗುವುದೇ ಇಲ್ಲ ಅಂತ ಹೇಳುವವರು ತುಂಬಾ. ಸ್ಪ್ಯಾನರ್ ಹಾಕಿದರೆ ಅದರ ತೂತೇ ಕಿತ್ತು ಹೋಗುತ್ತದೆ. ಎಂತ ಮಾಡುವುದು?

ಉತ್ತರ:
ಅದು ಮಣ್ಣು ಹಿಡಿದು ಕಚ್ಚಿಕೊಂಡದ್ದು. ಮೊದಲು ಪಿನ್ನಿನಲ್ಲಿ ಎರಡು ತೂತು ಬಿಡಿಸಿ. ಬೆಚ್ಚಗಿನ ಸೋಪು ನೀರನ್ನು ಬ್ರಷ್ಷಿನಲ್ಲಿ ಸ್ಪೈಕಿನ ಸುತ್ತ ಮಾತ್ರ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಸ್ಪ್ಯಾನರ್ ನೆಟ್ಟಗೆ ಇಟ್ಟು, ಮೈಭಾರ ಹಾಕಿ ಕೆಳಗೆ ಒತ್ತುತ್ತಾ ಎಡಕ್ಕೆ ತಿರುಗಿಸಿ. ಒತ್ತದೆ ತಿರುಗಿಸಿದರೆ ಜಾರಿ ತೂತು ಕೀಳುತ್ತದೆ. ಸವೆದದ್ದು ಗೊತ್ತಾಗಲಿ ಅಂತ ಕೆಲವದರಲ್ಲಿ ಗುರುತೇ ಇರುತ್ತದೆ, ಅದು ಅಳಿಸಿದರೆ ಎರಡೂ ಕಾಲಿನದ್ದು ಒಟ್ಟಿಗೆ ಬದಲಾಯಿಸಿ. ಹೊಸತು ತರುವಾಗ ಹಳೆಯದೊಂದನ್ನು ಕಿಸೆಯಲ್ಲಿ ತೆಗೆದುಕೊಂಡು ಹೋಗಲಿ, ತಿರುಪು ಕಂಪನಿಗೊಂದು ಥರ. 1990ರ ದಶಕದ ಮೊದಲು ಇದೆಲ್ಲ ಕಬ್ಬಿಣದ ಮೊಳೆಯೇ ಇತ್ತು. ಗ್ರೀನ್, ಅಂದರೆ ಗುಳಿಯ ಸುತ್ತಲಿನ ನುಣ್ಣಗಿನ ಹುಲ್ಲು, ಹಾಳಾಗುತ್ತದೆ ಅಂತ ಪ್ಲಾಸ್ಟಿಕ್ ಬಂತು. ನಮ್ಮ ಉಪ್ಪುಗಾಳಿಗೆ ಅದೂ ಒಳ್ಳೆಯದೇ ಆಯಿತು, ತುಕ್ಕು ಕಮ್ಮಿ.

ಪ್ರಶ್ನೆ, ಬಿಜೈಯವರು:
ಒಂದೇ ಒಂದು. ಆಟಿಯಲ್ಲಿ ಮಳೆ ಜೋರಾದರೆ ಆಟ ಇಲ್ಲ, ಆಗ ಶೂ ಎಲ್ಲಿಡುವುದು? ಕಪಾಟಿನಲ್ಲಿ ನುಸಿಗುಳಿಗೆ ಹಾಕಿದರೆ ಸಾಕಾ?

ಉತ್ತರ:
ನುಸಿಗುಳಿಗೆ ಹುಳಕ್ಕೆ, ತೇವಕ್ಕಲ್ಲ. ಗೋಡೆಗೆ ತಾಗಿದ ಮರದ ಕಪಾಟು ಬೇಡವೇ ಬೇಡ. ಜನ ಓಡಾಡುವ ಕೋಣೆಯಲ್ಲಿ, ನೆಲದಿಂದ ಮೇಲೆ, ತೆರೆದ ಸ್ಟ್ಯಾಂಡಿನಲ್ಲಿ ಇಡಿ, ಮೇಲೊಂದು ಹತ್ತಿ ಬಟ್ಟೆ. ಒಳಗೆ ಮರದ ಶೂ ಟ್ರೀ (ಪಾದದ ಆಕಾರದ ಅಚ್ಚು) ಇದ್ದರೆ ಆಕಾರವೂ ನಿಲ್ಲುತ್ತದೆ, ತೇವವೂ ಎಳೆಯುತ್ತದೆ. ಇಲ್ಲದಿದ್ದರೆ ಒಣ ಕಾಗದ. ಕಪಾಟೇ ಗತಿ ಅಂದರೆ ಅಂಗಡಿಯಲ್ಲಿ ತೇವ ಹೀರುವ ಡಬ್ಬ ಸಿಗುತ್ತದೆ, ಕೆಳಗೆ ನೀರು ತುಂಬಿದ ಹಾಗೆ ಚೆಲ್ಲಿ ಬದಲಾಯಿಸಬೇಕು. ಆ ನೀರು ಚರ್ಮಕ್ಕೆ ತಾಗಿದರೆ ಹಾಳು, ಶೂ ಇರುವ ಹಲಗೆಯ ಮೇಲೆ ಇಡಬೇಡಿ. ವಾರಕ್ಕೊಮ್ಮೆ ತೆಗೆದು ಮನೆಯೊಳಗೇ ಹತ್ತು ನಿಮಿಷ ಹಾಕಿ ನಡೆಯಿರಿ. ಸ್ಪೈಕ್ ಬಿಚ್ಚಿ ನಡೆಯಿರಿ ಮತ್ತೆ, ಇಲ್ಲದಿದ್ದರೆ ಟೈಲ್ಸಿನಲ್ಲಿ ಜಾರಿ ಬಿದ್ದೀರಿ.