ಚುಲ್ತುನ್‌ಗೆ ಹಗೇವು ಅನ್ನಬಹುದಾ? ಮಿಲ್ಪಾಗೆ ಕುಮರಿ ಸಾಕಾ?

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಮಕ್ಕಳಿಗೆ ಅಂತ ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ಪ್ರಾಚೀನ ಮಾಯಾ ಜನರ ಬೇಸಾಯ, ಊರುಗಳ ಬಗ್ಗೆ ಒಂದು ಪಾಠ ಬರೀತಿದೀನಿ. ಮೂರು ಪದಗಳ ಹತ್ರ ಬಂದು ಕೆಲಸ ನಿಂತುಬಿಟ್ಟಿದೆ, ಬಲ್ಲವರು ಸಹಾಯ ಮಾಡಿ.

ಮೊದಲನೇದು ಚುಲ್ತುನ್, ಅಂದ್ರೆ ಮಾಯಾ ಜನ ನೆಲದೊಳಗೆ ಕಲ್ಲು ಕೊರೆದು ಮಾಡ್ತಿದ್ದ ಗುಂಡಿ. ಮೆಕ್ಸಿಕೋದ ಯುಕಟಾನ್ ಪೂರ್ತಿ ಸುಣ್ಣಕಲ್ಲಿನ ನೆಲ, ಮಳೆ ಬಿದ್ದಿದ್ದು ಬಿದ್ದ ಹಾಗೇ ಇಂಗಿಹೋಗುತ್ತೆ, ಅದಕ್ಕೇ ಉತ್ತರ ಭಾಗದಲ್ಲಿ ಮೇಲೆ ಹರಿಯೋ ನದಿನೇ ಇಲ್ಲ. ಉಶ್ಮಾಲ್ ಅನ್ನೋ ಹಳೇ ಮಾಯಾ ಊರು ಇರೋ ಪೂಕ್ ಗುಡ್ಡಗಳಲ್ಲಂತೂ ಅಂತರ್ಜಲ ತುಂಬಾ ಆಳ. ಹಾಗಾಗಿ ಅಲ್ಲಿನವರು ಮನೆ ಅಂಗಳದಲ್ಲೇ ಕಲ್ಲು ಕೊರೆದು, ಬಾಯಿ ಕಿರಿದು ಹೊಟ್ಟೆ ದೊಡ್ಡದು ಇರೋ ಗುಂಡಿ ಮಾಡಿ, ಒಳಗೆಲ್ಲಾ ಗಾರೆ ಬಳಿದು, ಸುತ್ತಲ ನೆಲಾನ ಬಾಯಿ ಕಡೆಗೆ ಇಳಿಜಾರು ಮಾಡಿ ಮಳೆನೀರು ತುಂಬಿಸಿಕೊಳ್ತಿದ್ರು. ಈ ಆಕಾರ ನೋಡಿದ ತಕ್ಷಣ ನಂಗೆ ನೆನಪಾಗಿದ್ದು ನಮ್ಮ ಹಗೇವು. ಆದರೆ ಹಗೇವಲ್ಲಿ ಇಡೋದು ಜೋಳ, ರಾಗಿ. ಒಂದು ಹನಿ ನೀರು ಇಳಿದ್ರೂ ಕಾಳು ಕೆಟ್ಟುಹೋಗುತ್ತೆ. ನೀರು ತುಂಬೋ ಗುಂಡಿಗೆ ಹಗೇವು ಅಂದ್ರೆ ಓದಿದ ರೈತರ ಮಕ್ಕಳು ಒಪ್ತಾರಾ?

ಇಷ್ಟೇ ಆಗಿದ್ರೆ ನೆಲದೊಳಗಿನ ನೀರಿನ ತೊಟ್ಟಿ ಅಂತ ಬರೆದು ಮುಗಿಸ್ತಿದ್ದೆ. ಆದರೆ ದಕ್ಷಿಣಕ್ಕೆ, ಗ್ವಾಟೆಮಾಲಾದ ತಿಕಾಲ್ ಅನ್ನೋ ಹಳೇ ಮಾಯಾ ಊರಿನ ಸುತ್ತಮುತ್ತ ಇರೋ ಚುಲ್ತುನ್‌ಗಳು ಬೇರೆ ಥರ, ಚಿಕ್ಕವು, ಪಕ್ಕಕ್ಕೆ ಕೋಣೆ ಇರೋವು, ನೀರು ನಿಲ್ಲಿಸೋಕೆ ಮಾಡಿದ್ದಲ್ಲ. ಅದರಲ್ಲಿ ಒಬ್ಬ ಸಂಶೋಧಕರು ಕಾಳು ತುಂಬಿಟ್ಟು ನೋಡಿದಾಗ ಮೆಕ್ಕೆಜೋಳ ಬೇಗ ಹಾಳಾಯ್ತು, ರಾಮೋನ್ ಅನ್ನೋ ಕಾಡುಮರದ ಬೀಜ ಮಾತ್ರ ಕೆಡದೆ ಉಳೀತು. ಅಲ್ಲಿ ಇಡ್ತಿದ್ದಿದ್ದು ನೀರಲ್ಲ, ಬೀಜ ಇರಬಹುದು, ಹಾಗಾಗಿ ಅಲ್ಲಿಗೆ ಹಗೇವು ಸಲೀಸಾಗಿ ಕೂರುತ್ತೆ ಅಂತ ನಂಗನ್ನಿಸುತ್ತೆ. ಹಾಗಾದ್ರೆ ಒಂದೇ ಪಾಠದಲ್ಲಿ ಚುಲ್ತುನ್‌ಗೆ ಎರಡು ಕನ್ನಡ ಪದ ಇಡೋದಾ, ಇಲ್ಲಾ ಚುಲ್ತುನ್ ಅಂತಲೇ ಬಿಟ್ಟು ಎರಡು ಕಡೆ ವಿವರಿಸೋದಾ? ತಿಕಾಲ್ ಊರೊಳಗಿನ ನೀರಿಗೆ ಮಾತ್ರ ನಂಗೆ ಗೊಂದಲ ಇಲ್ಲ. ಹತ್ತಿರದಲ್ಲಿ ನದಿ ಇಲ್ಲ, ಗಾರೆ ಹಾಕಿದ ಅಂಗಳಗಳನ್ನೇ ಓರೆಯಾಗಿ ಕಟ್ಟಿ ಮಳೆನೀರು ಹರಿಸಿ ಏರಿ ಹಾಕಿ ನಿಲ್ಲಿಸಿದ್ರು, ಅದು ಕೆರೆನೇ.

ಎರಡನೇದು ಸೆನೋಟೆ. ಮಾಯಾ ಮಾತಿನ ತ್ಸೊನೊಟ್ ಸ್ಪ್ಯಾನಿಷರ ಬಾಯಲ್ಲಿ ಹೀಗಾಗಿದೆ. ಸುಣ್ಣಕಲ್ಲಿನ ಚಾವಣಿ ಕುಸಿದು ಒಳಗಿನ ಅಂತರ್ಜಲ ಕಾಣೋ ಹೊಂಡ ಇದು. ಯುಕಟಾನಿನ ಚಿಚೆನ್ ಇತ್ಜಾ ಅನ್ನೋ ಮಾಯಾ ಊರಿನ ಹೆಸರಲ್ಲೇ ಚಿ ಅಂದ್ರೆ ಬಾಯಿ, ಚೆನ್ ಅಂದ್ರೆ ಬಾವಿ, ಇತ್ಜಾ ಜನರ ಬಾವಿಯ ಬಾಯಿ ಅಂತ. ಬಾವಿ ಅಂದ್ರೆ ಮನುಷ್ಯರು ತೋಡಿದ್ದು ಅನ್ನಿಸುತ್ತೆ. ದೊಣೆ ಅನ್ನೋಣ ಅಂದ್ರೆ ಅದು ಬಂಡೆ ಮೇಲೆ ಮಳೆನೀರು ನಿಂತಿದ್ದು. 'ಕುಸಿಹೊಂಡ' ಅಂತ ಕಟ್ಟಿದೀನಿ, ಕಿವಿಗೆ ಹೇಗಿದೆ?

ಮೂರನೇದು ಮಿಲ್ಪಾ, ನನ್ನನ್ನ ಜಾಸ್ತಿ ಕಾಡಿದ್ದು ಇದೇ. ಪದ ಮಾಯಾದ್ದಲ್ಲ, ಮೆಕ್ಸಿಕೋದ ಆಜ್ಟೆಕ್ ಜನರ ನಾವಾತ್ಲ್ ಮಾತಿಂದ ಬಂದಿದ್ದು. ಯುಕಟಾನಿನವರು ಕೋಲ್ ಅಂತಾರೆ. ಕಾಡು ಕಡಿದು, ಒಣಗಿಸಿ, ಮಳೆಗೆ ಮುಂಚೆ ಸುಟ್ಟು ಬಿತ್ತೋದು, ಎರಡು ಮೂರು ವರ್ಷ ಬೆಳೆದು ನೆಲಾನ ಮತ್ತೆ ಕಾಡಿಗೆ ಬಿಡೋದು. ಮಣ್ಣು ತೆಳು, ಬೂದಿನೇ ಗೊಬ್ಬರ. ನಿಘಂಟು ನೋಡಿದವರೆಲ್ಲ ಕುಮರಿ ಅಂತಾರೆ. ಆದರೆ ಕುಮರಿ ಅಂದ್ರೆ ಓದೋರಿಗೆ ಬೆಂಕಿ ಒಂದೇ ಕಾಣುತ್ತೆ. ಮಿಲ್ಪಾದಲ್ಲಿ ಮೆಕ್ಕೆಜೋಳದ ದಂಟಿಗೆ ಹುರುಳಿಕಾಯಿ (ಬೀನ್ಸ್) ಬಳ್ಳಿ ಹಬ್ಬಿ, ನೆಲದ ಮೇಲೆ ಕುಂಬಳ ಹರಡಿಕೊಂಡು ಒಟ್ಟಿಗೇ ಬೆಳೀತವೆ, ಅದು ನಮ್ಮ ಅಕ್ಕಡಿ ಬೇಸಾಯಕ್ಕೆ ಹತ್ತಿರ. 'ಅಕ್ಕಡಿ ಕುಮರಿ' ಅಂತ ಜೋಡಿಸಿದ್ರೆ ತಪ್ಪಾಗುತ್ತಾ? ಇನ್ನೊಂದು ಮಾತು, ಅಷ್ಟು ದೊಡ್ಡ ಊರುಗಳಿಗೆ ಬರೀ ಮಿಲ್ಪಾ ಅನ್ನ ಹಾಕಿಲ್ಲ, ಬೆಲೀಜ್ ದೇಶದ ಕರಕೋಲ್ ಅನ್ನೋ ಮಾಯಾ ಊರಿನ ಸುತ್ತ ಗುಡ್ಡಕ್ಕೆಲ್ಲ ಮೆಟ್ಟಿಲು ಹೊಲ ಇದಾವೆ, ಜೌಗಲ್ಲಿ ಕಾಲುವೆ ತೋಡಿ ಆ ಮಣ್ಣಿಂದ ಏರುಮಡಿ ಮಾಡಿ ಬೆಳೆದಿದಾರೆ. ಕುಮರಿ ಅಂತ ಒಂದೇ ಪದ ಬರೆದ್ರೆ ಇವರು ಊರೂರು ಅಲೀತಿದ್ದ ಜನ ಅಂತ ಮಕ್ಕಳು ತಿಳ್ಕೊಂಡುಬಿಡ್ತಾರೆ, ಅದೇ ನನ್ನ ಹೆದರಿಕೆ.

ಮಲೆನಾಡು ಕಡೆಯವರು ಕುಮರಿ ಜಾಗದಲ್ಲಿ ಏನೇನು ಬೆರೆಸಿ ಬಿತ್ತುತಿದ್ರು ಅಂತ ಹಿರಿಯರನ್ನ ಕೇಳಿ ಹೇಳಿ. ಹಗೇವು ಕಂಡವರು, ಅದಕ್ಕೆ ನಿಮ್ಮ ಕಡೆ ಬೇರೆ ಹೆಸರಿದ್ರೆ ಅದನ್ನೂ ಬರೀರಿ.