ಸಹಾಯ ಬೇಕು: ಅತ್ತಿಗೆಯ ಗರ್ಭಕೋಶವನ್ನೇ ತೆಗೆಸಬೇಕೇ?

ಗುಂಪಿನ ಅಕ್ಕತಂಗಿಯರಿಗೆ ನಮಸ್ಕಾರ. ನಾವು ಹಾವೇರಿ ಹತ್ತಿರದ ಹಳ್ಳಿಯವರು. ಅತ್ತಿಗೆಗೆ 34 ವರ್ಷ, ಒಬ್ಬಳೇ ಮಗಳು; ಇನ್ನೊಂದು ಮಗುವಿನ ಆಸೆ ಇದೆ. ಆರು ತಿಂಗಳಿಂದ ಬಿಳಿಸೆರಗು, ಗಂಡನೊಡನೆ ಕೂಡಿದ ಮೇಲೆ ರಕ್ತದ ಕಲೆ. ಉಷ್ಣವೆಂದು ಮೆಂತ್ಯದ ನೀರು ಕುಡಿಯುತ್ತಲೇ ಇದ್ದರು. ನಾನೇ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದೆ.

ಗರ್ಭಕೊರಳಿನ (ಗರ್ಭಕೋಶದ ಬಾಯಿಯ) ಜೀವಕೋಶಗಳನ್ನು ತೆಗೆದು ನೋಡುವ ಪ್ಯಾಪ್ ಪರೀಕ್ಷೆಯಲ್ಲಿ ಸಂಶಯ ಬಂತು. ಆಮೇಲೆ ಗರ್ಭಕೊರಳಿಗೆ ಅಸಿಟಿಕ್ ಆಮ್ಲ ಸವರಿ, ಕಾಲ್ಪೊಸ್ಕೋಪ್ ಎಂಬ ದೊಡ್ಡದಾಗಿ ತೋರಿಸುವ ಉಪಕರಣದಲ್ಲಿ ನೋಡಿ, ಬೆಳ್ಳಗಾದ ಜಾಗದಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ವರದಿಯಲ್ಲಿ ಸಿಐಎನ್ 2 ಎಂದಿದೆ. ಇದು ಕ್ಯಾನ್ಸರ್ ಅಲ್ಲ. ಎಚ್‌ಪಿವಿ ವೈರಾಣುವಿನಿಂದ ಜೀವಕೋಶಗಳು ಬದಲಾಗಿರುವ ಹಂತ, ಹಾಗೆಯೇ ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದು ಎಂದು ವೈದ್ಯೆ ತಾಳ್ಮೆಯಿಂದ ತಿಳಿಸಿದರು. ಲೀಪ್ ಎಂಬ ಚಿಕಿತ್ಸೆ ಸೂಚಿಸಿದ್ದಾರೆ: ವಿದ್ಯುತ್ ಹಾಯಿಸಿದ ತೆಳು ತಂತಿಯ ಕುಣಿಕೆಯಿಂದ ಆ ಭಾಗವನ್ನಷ್ಟೇ ತೆಗೆಯುವುದು, ಸಾಮಾನ್ಯವಾಗಿ ಅಂದೇ ಮನೆಗೆ ಬರಬಹುದು.

ಇನ್ನೊಂದು ಕಡೆ ತೋರಿಸಿದಾಗ, "ಗರ್ಭಕೋಶವನ್ನೇ ತೆಗೆಸಿಬಿಡಿ, ಚಿಂತೆಯೇ ಇರುವುದಿಲ್ಲ" ಎಂದರು. ಅಣ್ಣನ ಮನಸ್ಸೂ ಅತ್ತಲೇ ವಾಲಿದೆ. ನನಗೆ ಒಪ್ಪಿಗೆಯಿಲ್ಲ. ಅವ್ವನ ಕಣ್ಣಿಗೆ ಬೀಳಬಾರದೆಂದು ಅತ್ತಿಗೆ ವರದಿಯ ಲಕೋಟೆಯನ್ನು ಅಕ್ಕಿ ಡಬ್ಬದ ಅಡಿಯಲ್ಲಿ ಇಟ್ಟಿದ್ದಾರೆ; ರಾತ್ರಿ ತೆಗೆದು ಓದುತ್ತಾರೆ, ಮತ್ತೆ ಮಡಚುತ್ತಾರೆ.

ಲೀಪ್ ಮಾಡಿಸಿಕೊಂಡವರು ಇಲ್ಲಿದ್ದೀರಾ? ಎಷ್ಟು ದಿನ ರಕ್ತಸ್ರಾವವಿತ್ತು? ಲೀಪ್ ಆದ ಮೇಲೆ ಗರ್ಭಿಣಿಯಾದರೆ ಅವಧಿಗೆ ಮೊದಲೇ ಹೆರಿಗೆಯಾಗುವ ಸಂಭವ ಸ್ವಲ್ಪ ಹೆಚ್ಚುತ್ತದೆಯಂತೆ. ನಿಮಗೆ ಆಮೇಲೆ ದಿನ ತುಂಬಿ ಹೆರಿಗೆಯಾಯಿತೇ? ಬಯಾಪ್ಸಿಯ ಸ್ಲೈಡ್ ತೆಗೆದುಕೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದವರಿದ್ದರೆ, ಯಾವ ಕಾಗದಪತ್ರ ಒಯ್ಯಬೇಕು ತಿಳಿಸಿ. ಮುಂದಿನ ಸೋಮವಾರದೊಳಗೆ ವೈದ್ಯೆಗೆ ಉತ್ತರ ಹೇಳಬೇಕಾಗಿದೆ.