ಸಹಾಯ ಬೇಕು: ‘ಸಸ್ಪಿಷಸ್’ ಅಂದರೆ ಅನುಮಾನ ಪಡುವವನೋ, ಹುಟ್ಟಿಸುವವನೋ?

ಇಂಗ್ಲಿಷ್‌ನಲ್ಲಿ ಒಂದು ಕಥೆ ಬರೆಯುತ್ತಿದ್ದೇನೆ. ಎರಡು ದಿನದಿಂದ ಒಂದೇ ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ಕಾವಲುಗಾರನಿಗೆ ಬಾಗಿಲಲ್ಲಿ ನಿಂತ ಅಪರಿಚಿತನ ಮೇಲೆ ಅನುಮಾನ. ‘ದಿ ಗಾರ್ಡ್ ಲುಕ್ಡ್ ಸಸ್ಪಿಷಸ್’ ಎಂದು ಬರೆದೆ. ಓದಿದ ಗೆಳತಿ, ‘ಹಾಗಾದರೆ ಕಾವಲುಗಾರನೇ ಕಳ್ಳನಾ?’ ಎಂದು ಕೇಳಿದಳು! ನಿಘಂಟು ನೋಡಿದರೆ ಎರಡೂ ಅರ್ಥ ಇವೆ. ಕನ್ನಡದಲ್ಲಿ ಅನುಮಾನ ಪಡುವುದು ಬೇರೆ, ಅನುಮಾನ ಹುಟ್ಟಿಸುವುದು ಬೇರೆ, ಅಲ್ವಾ?

‘ಸಸ್ಪಿಷಸ್ ಆಫ್ ದಿ ಸ್ಟ್ರೇಂಜರ್’ ಎಂದರೆ ಅರ್ಥ ಸರಿಹೋಗುತ್ತದೆ, ಆದರೆ ಸಾಲು ಸುಮ್ನೆ ಉದ್ದವಾಗುತ್ತದೆ. ‘ಡೌಟ್‌ಫುಲ್’ ಹಾಕಿದರೂ ಎರಡು ಅರ್ಥದ ತೊಂದರೆ ಹಾಗೇ ಉಳಿಯುತ್ತದೆ. ‘ಸ್ಕೆಪ್ಟಿಕಲ್’ ಅಂದರೆ ಹೇಳಿದ ಮಾತನ್ನು ನಂಬದಿರುವುದು; ಇಲ್ಲಿ ಅಪರಿಚಿತ ಇನ್ನೂ ಬಾಯೇ ಬಿಟ್ಟಿಲ್ಲ.

‘ಆಫ್’ ಸೇರಿಸದೆ, ಅನುಮಾನ ಪಡುತ್ತಿರುವವನು ಕಾವಲುಗಾರನೇ ಎಂದು ತಿಳಿಯಲು ‘ಡಿಸ್ಟ್ರಸ್ಟ್‌ಫುಲ್’ ಸಾಕಾಗುತ್ತದೆಯೇ? ಇದಕ್ಕಿಂತ ಸಹಜವಾದ ಒಂದೇ ಪದ ಇದ್ದರೆ ಹೇಳುತ್ತೀರಾ?